ಬಿಡ್ಲೇನ್ರಿ?

ಮೇಸ್ತ್ರಿ ಮೌನಪ್ಪನಿಗೆ ಆ ಹೆಸರಿಟ್ಟವರು, ಪಾಪ, ಅವನ ಬಾಯಿ ಕಂಡವರಲ್ಲ. ಮಾದಾಪುರದಲ್ಲಿ ದಿನಕ್ಕೊಂದು ಸಾಫ್ಟ್‌ವೇರ್ ಕಟ್ಟಡ ಏಳುತ್ತಿದ್ದ ಕಾಲ ಅದು. ಅವನ ಬೈಗುಳ ನೆಲಮಾಳಿಗೆಯಿಂದ ತಾರಸಿವರೆಗೂ ಕೇಳಿಸುತ್ತಿತ್ತು. ವರ್ಷಕ್ಕೆ ಒಂದೇ ಒಂದು ದಿನ ಮಾತ್ರ ಅವನು ಬಾಯಿ ಬಿಡುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಅದೇ ದಿನ, ಬೇರೊಂದು ಕಟ್ಟಡದ ಮೂರನೇ ಅಂತಸ್ತಿನಲ್ಲಿ ಹಲಗೆ ಜಾರಿ ಬಿದ್ದಿದ್ದ. ಕೆಳಗೆ, ಅರ್ಧ ಗಂಟೆ ಮುಂಚೆ ಯಾವನೋ ಲಾರಿಯವನು ಸುರಿದು ಹೋಗಿದ್ದ ಉಸುಕಿನ ಗುಡ್ಡೆ. ಒಂದು ಎಲುಬೂ ಮುರಿಯಲಿಲ್ಲ. ಮನೆದೇವರು ತಿಂಥಣಿ ಮೌನೇಶ್ವರನೇ ಕೈ ಹಿಡಿದನೆಂದು ಗಳಗಳ ಅತ್ತು, ಪ್ರತಿ ವರ್ಷ ಆ ದಿನ ಹೊತ್ತು ಮುಳುಗುವ ತನಕ ಮಾತಾಡುವುದಿಲ್ಲವೆಂದು ಹರಕೆ ಹೊತ್ತ. ಅವತ್ತು ಆಳುಗಳಿಗೂ ಹಬ್ಬವೇ ಅನ್ನಿ, ಬೈಯುವವರೇ ಇಲ್ಲ!

ಈ ಸಲ ಆ ದಿನ ಬೆಳಿಗ್ಗೆ ಯಾದಗಿರಿ ಕಡೆಯ ಬಂಡೆಮ್ಮ ಪೈಪು ಹಿಡಿದು ಬಂದಳು. ನಾಲ್ಕನೇ ಅಂತಸ್ತಿನ ಹೊಸ ಸ್ಲ್ಯಾಬು ಗಟ್ಟಿಯಾಗಲೆಂದು ದಿನಾ ನೀರುಣಿಸುವ ಕೆಲಸ ಅವಳದು.

"ಅಣ್ಣಾರ, ಇವತ್ತ ಬಿಡ್ಲೇನ್ರಿ?"

ಕೆಳಗಿನ ಅಂತಸ್ತಿನಲ್ಲಿ ಆಗಷ್ಟೇ ಸಿಮೆಂಟ್ ಚೀಲ ಇಳಿಸಿದ್ದರು. ಅವು ತೊಯ್ಯದಿರಲೆಂದು ಇವತ್ತೊಂದು ದಿನ ನೀರುಣಿಸುವುದನ್ನು ಬಿಡಲೇ ಎಂದು ಕೇಳುತ್ತಿದ್ದಾಳೆ ಎಂದುಕೊಂಡು ಮೌನಪ್ಪ ಹೂಂ ಎಂಬಂತೆ ತಲೆಯಾಡಿಸಿದ. ಬಂಡೆಮ್ಮ ಕೇಳಿದ್ದು ನೀರು ಬಿಡಲೇ ಎಂದು. ಹೋಗಿ ನೀರು ಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಸ್ಲ್ಯಾಬಿನ ತೂತುಗಳಿಂದ ನೀರು ಸೋರಿ ಮೂವತ್ತು ಚೀಲ ತೊಯ್ದು ತೊಪ್ಪೆಯಾಗಿದ್ದವು. ಮೈಸೂರಿನ ಇಂಜಿನಿಯರ್ ಸತೀಶ ಕೆಂಡಾಮಂಡಲವಾದ.

"ಯಾರಮ್ಮ ನಿನಗೆ ನೀರು ಬಿಡೋಕೆ ಹೇಳಿದ್ದು?"

ಬಂಡೆಮ್ಮ ಮೌನಪ್ಪನ ಕಡೆ ನೋಡಿದಳು. ಅವನ ಹೆಸರು ಹೇಳಿದರೆ ಅವನು ಉತ್ತರ ಕೊಡಬೇಕು, ಹರಕೆ ಮುರಿಯುತ್ತದೆ.

"ಯಾರೂ ಹೇಳಿಲ್ರಿ. ನಂದ ತಪ್ಪ್ ಐತ್ರಿ" ಎಂದಳು.

"ಹಾಗಾದ್ರೆ ಇವತ್ತೇ ಶೆಡ್ ಖಾಲಿ ಮಾಡು."

ಆ ತಗಡಿನ ಶೆಡ್ಡಿನಲ್ಲಿ ಅವಳ ಎಂಟು ತಿಂಗಳ ಕೂಸು ಮಲಗಿತ್ತು. ಈ ಊರಲ್ಲಿ ಅವಳಿಗೆ ಬೇರೆ ಸೂರಿರಲಿಲ್ಲ. ಮೌನಪ್ಪ ಎದೆ ತಟ್ಟಿಕೊಂಡು ನಾನು, ನಾನು ಎಂದು ಸನ್ನೆ ಮಾಡಿದ.

"ನೀವು ಸುಮ್ನಿರಿ ಮೇಸ್ತ್ರಿ, ನಿಮ್ಮ ವ್ರತ ನನಗೆ ಗೊತ್ತು" ಎಂದ ಸತೀಶ.

ಹೊತ್ತು ಇನ್ನೂ ನೆತ್ತಿಯ ಮೇಲಿತ್ತು. ಮೌನಪ್ಪನಿಗೆ ಹೆದರಿಕೆಯಾಯಿತು. ಮಾತು ತಪ್ಪಿದನೆಂದು ದೇವರು ಕೊಟ್ಟ ಜೀವ ವಾಪಸ್ ಕೇಳಿದರೆ? ಬಂಡೆಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಮೆಟ್ಟಿಲಿಳಿಯತೊಡಗಿದಳು.

"ಏ ಯವ್ವಾ, ನಿಂದರು!"

ಇಡೀ ಕಟ್ಟಡ ತಿರುಗಿ ನೋಡಿತು.

"ಸಾಹೇಬ್ರ, ಆಕಿ ನನ್ನ ಕೇಳಿದ್ಲು, ನಾನ ತಲಿ ಆಡಿಸಿದೆ. ಬಾಯಿ ಬಿಟ್ಟು ಬ್ಯಾಡ ಅಂದಿದ್ರ ಇದೆಲ್ಲಾ ಆಗತಿರ್ಲಿಲ್ಲ. ಕಳಸೂದಿದ್ರ ನನ್ನ ಕಳಸ್ರಿ."

ಸತೀಶ ಇಬ್ಬರನ್ನೂ ನೋಡಿದ. ಸಿಟ್ಟು ಅರ್ಧಕ್ಕೇ ಇಳಿಯಿತು. "ಇಬ್ಬರೂ ಸೇರಿ ಒಣ ಚೀಲ ಬೇರೆ ಮಾಡಿ" ಎಂದು ಗೊಣಗಿ ಹೋದ.

"ನನ್ನ ಸಲುವಾಗಿ ಹರಕಿ ಮುರಕೊಂಡ್ರಲ್ರಿ ಅಣ್ಣಾರ" ಎಂದಳು ಬಂಡೆಮ್ಮ.

"ಅವತ್ತ ನನ್ನ ಕೆಳಗ ಉಸುಕಿತ್ತವ್ವಾ. ಇವತ್ತ ನಿನ್ನ ಕೆಳಗ ನನ್ನ ಬಿಟ್ರ ಯಾರಿದ್ರು?"

ಹೇಳಿದವನ ಕಣ್ಣು ತುಂಬಿತ್ತು. ಅದು ಅವಳಿಗೆ ಕಾಣಬಾರದೆಂದು ಮೌನಪ್ಪ ಮುಖ ತಿರುಗಿಸಿ ಗದರಿದ: "ಮಕಾ ಏನ್ ನೋಡ್ತಿ? ಚೀಲ ಹಿಡಿ!"