ಬಸ್ಸಿನಲ್ಲಿ ತೂಗಿದ ಮೊಸರಿನ ಗಡಿಗೆ

ಇಳಕಲ್ಲಿನ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದ್ದೇನೆ. ಚಲನೆಯ ನಿಯಮಗಳನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಮಕ್ಕಳು ನಿದ್ದೆಗಣ್ಣಿನಲ್ಲೇ ಕೇಳುತ್ತಿದ್ದರು ಎಂಬುದು ಬೇರೆ ಮಾತು. ಮನೆಯಲ್ಲಿ ನನ್ನ ಹೆಂಡತಿ ಸುನಂದಾಳ ಮುಂದೆ ಮಾತ್ರ ಈ ವಿದ್ಯೆ ಒಂದು ದಿನವೂ ನಡೆದಿಲ್ಲ.

ಈ ಬೇಸಿಗೆಯಲ್ಲಿ ನಮ್ಮ ಮಗಳು ಶೀಲಾಳಿಗೆ ಐದನೇ ತಿಂಗಳು. ಕೆರೂರಿನ ಗಂಡನ ಮನೆಯಲ್ಲಿದ್ದಳು. ತಿಂದದ್ದೆಲ್ಲ ವಾಂತಿ. ಇನ್ನೆರಡು ದಿನ ಹೀಗೇ ಆದರೆ ದಾಖಲು ಮಾಡಬೇಕು ಎಂದು ಡಾಕ್ಟರು ಹೇಳಿದ್ದರು. ಅಂಥದರಲ್ಲಿ ಒಂದು ಬೆಳಿಗ್ಗೆ ಅವಳ ಫೋನು ಬಂತು.

"ಯವ್ವಾ, ನಿನ್ನ ಗಡಿಗಿ ಮೊಸರಿದ್ರ ಎರಡ ತುತ್ತ ಉಂಡೇನೇನೋ ಅನಸ್ತೈತಿ."

ಬಸುರಿ ಬಾಯಿಬಿಟ್ಟು ಕೇಳಿದ್ದನ್ನು ತವರಿನವರು ಬುತ್ತಿ ಕಟ್ಟಿ ಒಯ್ಯಲೇಬೇಕು. ಸುನಂದಾ ಸಜ್ಜೆ ರೊಟ್ಟಿ ಬಡಿದಳು, ಶೇಂಗಾ ಹಿಂಡಿ ಕುಟ್ಟಿದಳು, ರಾತ್ರಿ ಮಣ್ಣಿನ ಗಡಿಗೆಯಲ್ಲಿ ಹಾಲಿಗೆ ಹೆಪ್ಪು ಹಾಕಿದಳು. ಮರುದಿನ ಬೆಳಿಗ್ಗೆ ಬಾಗಲಕೋಟೆ ಬಸ್ಸು ಹತ್ತಿದೆವು.

"ಗಡಿಗಿ ನನ್ನ ತೊಡಿ ಮ್ಯಾಲ ಇರ್ಲಿ," ಎಂದಳು.

ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸುಮ್ಮನಿರುವುದನ್ನು ನನಗೆ ಯಾವ ಪಠ್ಯಪುಸ್ತಕವೂ ಕಲಿಸಿಲ್ಲ. "ಬಸ್ ಜಿಗದಂಗ ನೀನೂ ಜಿಗೀತಿ, ಗಡಿಗೀನೂ ಜಿಗೀತೈತಿ. ತೂಗಿಬಿಟ್ರ ತನ್ನ ಜಡತ್ವಕ್ಕ ತಾ ನಿಂತಲ್ಲೇ ನಿಲ್ತೈತಿ," ಎಂದೆ. ಬೆಕ್ಕಿಗೆ ಸಿಗದಂತೆ ಗಡಿಗೆ ತೂಗುವ ಹಗ್ಗದ ನೆಲುವನ್ನು ಮನೆಯಿಂದಲೇ ಚೀಲದಲ್ಲಿ ತಂದಿದ್ದೆ. ಮೇಲಿನ ಸರಳಿಗೆ ಕಟ್ಟಿ ಗಡಿಗೆಯನ್ನು ಇಳಿಬಿಟ್ಟೆ.

"ನಿಮ್ಮ ಜಡತ್ವ ನನಗ ಗೊತ್ತಿಲ್ಲೇನು," ಎಂದು ಸುನಂದಾ ಕೆಳಗೆ ಕೂತು ಸೆರಗಿನ ಉಡಿಯನ್ನು ಅಗಲಿಸಿ ಹಿಡಿದಳು.

ಹುನಗುಂದ ದಾಟುವವರೆಗೆ ಗಡಿಗೆ ನಿಜಕ್ಕೂ ಗಂಭೀರವಾಗಿತ್ತು. ನಾನು ಕಂಬಿ ಬಿಟ್ಟು, ಎರಡೂ ಕೈ ಆಡಿಸುತ್ತ, ಅಕ್ಕಪಕ್ಕದವರಿಗೆ ಮೊದಲನೇ ನಿಯಮ ವಿವರಿಸತೊಡಗಿದೆ. ನಿಂತದ್ದು ನಿಂತೇ ಇರುತ್ತದೆ ಎಂದೆ. ಅದರ ಉಳಿದರ್ಧಕ್ಕೆ ಬರುವಷ್ಟರಲ್ಲಿ ರಸ್ತೆಗೆ ಕುರಿ ಹಿಂಡು ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ.

ಬಸ್ಸು ನಿಂತಿತು. ನಾನು ನಿಲ್ಲಲಿಲ್ಲ. ಗಡಿಗೆಯೂ ನಿಲ್ಲಲಿಲ್ಲ. ಅದು ಮುಂದಕ್ಕೆ ತೂಗಿ ಕಂಬಿಗೆ ಬಡಿದು ಒಡೆಯಿತು. ಮೊಸರೆಲ್ಲ ನನ್ನ ತಲೆ, ಕನ್ನಡಕ, ಇಸ್ತ್ರಿ ಅಂಗಿಯ ಮೇಲೆ. ಗಡಿಗೆಯ ತಳದ ಒಂದು ತುಂಡು ಮಾತ್ರ ಅಂಗೈಯಷ್ಟು ಮೊಸರು ಹೊತ್ತು ಸುನಂದಾಳ ಉಡಿಗೆ ಬಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಡ್ರೈವರನನ್ನು ಬೈದೆ. ಕಂಡಕ್ಟರ್ ಬಿಲಾಲ ನನ್ನ ಹಳೆಯ ವಿದ್ಯಾರ್ಥಿ. ಒರೆಸಿಕೊಳ್ಳಲು ಬಟ್ಟೆ ಕೊಟ್ಟು ಮೆಲ್ಲಗೆ ಹೇಳಿದ: "ಸರ, ಹೊಂಟದ್ದು ಹೊಂಟೇ ಇರ್ತೈತಿ ಅನ್ನೂದನ್ನ ನಾ ಪರೀಕ್ಷಾದಾಗ ಬರೀಲಿಲ್ಲ ಅಂತ ಅರ್ಧ ಮಾರ್ಕ್ಸ್ ಕಡದಿದ್ರಿ."

ಸುನಂದಾ ನನ್ನನ್ನು ಬೈಯಲಿಲ್ಲ. ಬಾಗಲಕೋಟೆಯಲ್ಲಿ ಬಸ್ಸು ಬದಲಿಸುವಾಗಲೂ ಆ ತುಂಡನ್ನು ಎರಡೂ ಕೈಯಲ್ಲಿ ಹಿಡಿದೇ ನಡೆದಳು. ಬೈದಿದ್ದರೆ ಚೆನ್ನಾಗಿತ್ತು. ಮಗಳು ಬಾಯಿಬಿಟ್ಟು ಕೇಳಿದ್ದು ಅದೊಂದೇ, ಅದನ್ನೂ ನಾನು ತಲೆಗೆ ಹಚ್ಚಿಕೊಂಡು ಹೊರಟಿದ್ದೆ. ನನಗೆ ಅಳು ಬಂದಿತ್ತು.

ಕೆರೂರಿನಲ್ಲಿ ಶೀಲಾ ಗೋಡೆಗೆ ಒರಗಿ ಕೂತಿದ್ದಳು. ಕೊರಳಿನ ಎಲುಬುಗಳು ಕಾಣುತ್ತಿದ್ದವು. ನನ್ನ ಅಂಗಿ ನೋಡಿದಳು, ಅವ್ವನ ಕೈ ನೋಡಿದಳು. ಸುನಂದಾ ಹಾಲು ಕಾಸಿ ಆರಿಸಿ, ಉಳಿದ ಮೊಸರಿನಿಂದಲೇ ಬೇರೆ ಗಡಿಗೆಗೆ ಹೆಪ್ಪು ಹಾಕಿ ಮೂಲೆಯಲ್ಲಿಟ್ಟಳು.

"ಸಂಜೀತನಕ ಇದನ್ನ ಯಾರೂ ಅಳ್ಳಾಡಿಸಬ್ಯಾಡ್ರಿ," ಎಂದಳು. ಮನೆಯಲ್ಲಿ ಐದು ಮಂದಿಯಿದ್ದರೂ ನೋಡಿದ್ದು ನನ್ನನ್ನೇ.

ಮಧ್ಯಾಹ್ನವೆಲ್ಲ ಆ ಗಡಿಗೆಯ ಮುಂದೆ ಕೂತೆ. ಮೂಲೆ ತಂಪಾಯಿತೇನೋ, ಬಿಸಿಲಿಗೆ ಸರಿಸಿದರೆ ಬೇಗ ಹೆಪ್ಪಾದೀತೇನೋ ಎಂದು ತಲೆ ಲೆಕ್ಕ ಹಾಕುತ್ತಿತ್ತು. ಕೊನೆಗೆ ಕೈ ತಾನಾಗಿ ಮುಂದೆ ಹೋಯಿತು.

"ಅಪ್ಪಾ, ಕೈ," ಎಂದಳು ಮಲಗಿದ್ದ ಶೀಲಾ.

ಕೈ ಹಿಂದೆಗೆದೆ. ಹೊರಗಿನ ಬಲ ಬೀಳದಿದ್ದರೆ ನಿಂತದ್ದು ನಿಂತೇ ಇರುತ್ತದೆ ಎಂದು ಇಪ್ಪತ್ತೆಂಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಆ ಹೊರಗಿನ ಬಲ ಯಾವುದು ಎಂದು ಅವತ್ತು ತಿಳಿಯಿತು. ನಮ್ಮ ಮನೆಯಲ್ಲಿ ಅದಕ್ಕೆ ಕನ್ನಡಕವಿದೆ.

ಸಂಜೆ ಮೊಸರು ಗಟ್ಟಿಯಾಗಿ ಕೂತಿತ್ತು. ಶೀಲಾ ರೊಟ್ಟಿ ಮುರಿದು ಅದ್ದಿ ಎರಡು ತುತ್ತು ತಿಂದಳು. ಎಲ್ಲರೂ ಅವಳ ಮುಖ ನೋಡುತ್ತ ಕೂತೆವು. ಹತ್ತು ನಿಮಿಷವಾಯಿತು, ಅರ್ಧ ತಾಸಾಯಿತು. ತಿಂದದ್ದು ಹೊಟ್ಟೆಯಲ್ಲೇ ನಿಂತಿತು. ಆಮೇಲೆ ಅವಳೇ ಬಟ್ಟಲು ಮುಂದೆ ಹಿಡಿದಳು.

ನಾನು ಬಡಿಸಲು ಏಳಹೋದೆ. ಸುನಂದಾ ನನ್ನ ಭುಜದ ಮೇಲೆ ಕೈಯಿಟ್ಟು ಕೆಳಗೆ ಒತ್ತಿದಳು.

"ನೀವ ಕೂಡ್ರಿ."

ಕೂತೇ ಇದ್ದೆ.