ಸೊಟ್ಟ ಹೊಲಿಗೆ

ಮೊಣಕೈವರೆಗೂ ದಪ್ಪ ಚರ್ಮದ ಕೈಗವಸು ತೊಟ್ಟ ಮನುಷ್ಯ ಬಾಗಿಲಲ್ಲಿ ಬಂದು ನಿಂತಾಗ ಟೈಲರಮ್ಮನಿಗೆ ಮೊದಲು ಬಂದದ್ದು ನಗು. ಹೆಬ್ಬೆರಳಿನಷ್ಟಿರುವ ಬಾವಲಿ ಮರಿಗೆ ಇಷ್ಟೊಂದು ಸಿದ್ಧತೆಯೇ? ಹುಲಿ ಹಿಡಿಯಲು ಹೊರಟವನು ದಾರಿ ತಪ್ಪಿ ಇಲ್ಲಿಗೆ ಬಂದನೇನೋ ಅನ್ನಿಸಿತು.

ಮರಿ ಸಿಕ್ಕಿದ್ದು ಶನಿವಾರ ಬೆಳಿಗ್ಗೆ. ಆಸ್ಪತ್ರೆಯವರ ಬಿಳಿ ಕೋಟುಗಳನ್ನು ಹೊಲಿದು ಕಿಟಕಿ ಪಕ್ಕ ತೂಗುಹಾಕಿದ್ದಳು. ಇಸ್ತ್ರಿಗೆಂದು ಒಂದನ್ನು ಎತ್ತಿ ಕೊಡವಿದರೆ ತೋಳಿನೊಳಗಿಂದ ಕಪ್ಪಗಿನ ಏನೋ ಒಂದು ಮೇಜಿನ ಮೇಲೆ ತೊಪ್ಪೆಂದು ಬಿತ್ತು. ಅವಳು ಕಿರುಚಿದ್ದಕ್ಕೆ ಮನೆಯೇ ಓಡಿಬಂತು. ಬಸ್ ಓಡಿಸುವ ಗಂಡ ಬಗ್ಗಿ ನೋಡಿ, "ಹೊಸ ಗಿರಾಕಿ ಕಣೇ, ಅಳತೆ ತಗೋ" ಎಂದ. ಅತ್ತೆ ಕನ್ನಡಕ ಏರಿಸಿಕೊಂಡು, "ಮುಖ ನೋಡೇ, ನಮ್ಮ ಯಜಮಾನರು ನಿದ್ದೆಯಿಂದ ಎದ್ದ ಹಾಗೇ ಇದೆ" ಎಂದರು. ಮಗಳು ಮಾತ್ರ ಮಾತೇ ಆಡಲಿಲ್ಲ. ಒಂಬತ್ತು ವರ್ಷದ ಆ ಹುಡುಗಿಗೆ ಮನೆಯಲ್ಲಿ ರೀಲು ಎಂದೇ ಹೆಸರು. ಬಾಯಿ ಬಿಟ್ಟರೆ ಮಾತು ದಾರದ ಹಾಗೆ ಬಿಚ್ಚಿಕೊಳ್ಳುತ್ತಲೇ ಹೋಗುತ್ತಿತ್ತು, ಅದರಲ್ಲಿ ಅರ್ಧ ಸುಳ್ಳು. ಅಂಥವಳು ಉಸಿರು ಬಿಗಿಹಿಡಿದು ನೋಡುತ್ತಾ ನಿಂತಳು.

ವನ್ಯಜೀವಿ ಕಚೇರಿಗೆ ಗಂಡನೇ ಫೋನು ಮಾಡಿದ. ಸೋಮವಾರ ಬರುತ್ತೇವೆ, ಅಲ್ಲಿಯವರೆಗೆ ಡಬ್ಬದಲ್ಲಿಡಿ, ಬರಿಗೈಲಿ ಮುಟ್ಟಬೇಡಿ ಎಂದರಂತೆ. ಮೊದಲೆರಡು ಮಾತನ್ನು ಮನೆಯವರಿಗೆ ಹೇಳಿದ. ಡ್ಯೂಟಿಗೆ ತಡವಾಗಿತ್ತು, ಮೂರನೆಯದು ಅವನ ಬಾಯಲ್ಲೇ ಉಳಿಯಿತು.

ಹೀಗೆ ದಾರದ ಡಬ್ಬಕ್ಕೆ ತೂತು ಕೊರೆದು ಎರಡು ದಿನ ಮರಿಯನ್ನು ಸಾಕಿದರು. ಅದು ಮಲಗಲು ಒಳಗೊಂದು ಪುಟ್ಟ ಬಟ್ಟೆ ಚೀಲವೂ ಬಂತು. ರೀಲು ಇಂಕ್ ಫಿಲ್ಲರಿನಲ್ಲಿ ತೊಟ್ಟುತೊಟ್ಟು ಹಾಲು ಕುಡಿಸಿದಳು.

"ಕೈಯಲ್ಲಿ ಯಾರೂ ಮುಟ್ಟಿಲ್ಲ ತಾನೆ?" ಎಂದ ಸೋಮವಾರ ಬಂದ ಆ ಕೈಗವಸಿನವನು, ಮರಿಯನ್ನು ತನ್ನ ಪೆಟ್ಟಿಗೆಗೆ ಇಳಿಸುತ್ತಾ.

"ಮುಟ್ಟದೇ ಹಾಲು ಹೇಗಪ್ಪಾ ಕುಡಿಸೋದು?" ಎಂದು ಅತ್ತೆ ನಕ್ಕರು.

ಅವನು ನಗಲಿಲ್ಲ. "ಅಜ್ಜಿ, ಇದರ ಹಲ್ಲು ಸೂಜಿಗಿಂತ ಸಣ್ಣ. ಕಚ್ಚಿದ್ದೂ ಕಾಣಲ್ಲ. ಹುಚ್ಚುನಾಯಿ ಕಚ್ಚಿದ್ರೆ ಬರುತ್ತಲ್ಲ, ಆ ಕಾಯಿಲೆ ಇದಕ್ಕೂ ಇರಬಹುದು. ಇಲ್ಲದೇನೂ ಇರಬಹುದು. ಮೊದಲೇ ಇಂಜೆಕ್ಷನ್ ತಗೊಂಡ್ರೆ ಉಳ್ಕೊಂಡ್ರು. ಕಾಯಿಲೆ ಶುರುವಾದ ಮೇಲೆ, ಬಾಯಾರಿ ಒದ್ದಾಡ್ತಿದ್ರೂ ಗುಟುಕು ನೀರು ಗಂಟಲಲ್ಲಿ ಇಳಿಯಲ್ಲ. ಆಮೇಲೆ ಯಾವ ಡಾಕ್ಟರೂ ಏನೂ ಮಾಡಕ್ಕಾಗಲ್ಲ."

ಟೈಲರಮ್ಮ ಪೆಟ್ಟಿಗೆಯತ್ತ ಬಗ್ಗಿದಳು. "ಇದಕ್ಕೆ ಕಾಯಿಲೆ ಇದೆಯೋ ಇಲ್ವೋ ಅಂತ ನೋಡಕ್ಕಾಗಲ್ವಾ?"

"ಜೀವ ಇದ್ದಾಗ ಆಗಲ್ಲಮ್ಮ. ಪರೀಕ್ಷೆಗೆ ಅದರ ತಲೆ ಬೇಕು." ಅವನು ರೀಲುವಿನ ಕಡೆ ತಿರುಗಿದ. "ಏನ್ ಪುಟ್ಟಾ, ಕಚ್ಚಿತಾ?"

"ಇಲ್ಲ."

"ಅನುಮಾನ ಇದ್ರೂ ಆಸ್ಪತ್ರೆಗೆ ಹೋಗಿ" ಎಂದು ಹೇಳಿ ಅವನು ಪೆಟ್ಟಿಗೆ ಎತ್ತಿಕೊಂಡು ಹೋದ.

ಬಾಗಿಲು ಹಾಕಿದ ಮೇಲೆ ಟೈಲರಮ್ಮ ಮಗಳ ಎರಡೂ ಕೈಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಲಗೈ ತೋರುಬೆರಳ ತುದಿಯಲ್ಲಿ ಸಾಸಿವೆಗಿಂತ ಸಣ್ಣದೊಂದು ಕೆಂಪು ಚುಕ್ಕೆ.

"ಇದೇನೇ?"

"ಸೂಜಿ ಚುಚ್ಚಿತು."

ಟೈಲರಮ್ಮನಿಗೆ ಅನುಮಾನ ಬಂದದ್ದು ಆಗಲೇ. ಹೋದ ವರ್ಷ ಮಷಿನ್ನಿನ ಸೂಜಿ ಇದೇ ಹುಡುಗಿಯ ಉಗುರಿನಲ್ಲಿ ಇಳಿದಿತ್ತು. ಅಂದಿನಿಂದ ಈ ಮನೆಯಲ್ಲಿ ಅವಳು ಸೂಜಿ ಮುಟ್ಟುವ ಹಾಗಿಲ್ಲ. ಒಮ್ಮೆ ಗುಂಡಿ ಹೊಲಿಯಲು ಹೋಗಿ ಸೂಜಿ ಮುರಿದವಳು ಮೂರು ದಿನ ಬೈದರೂ ಒಪ್ಪಿಕೊಂಡಿರಲಿಲ್ಲ. ಅಂಥವಳು ಈಗ ಕೇಳಿದ ಕೂಡಲೇ ಸೂಜಿ ಎನ್ನುತ್ತಿದ್ದಾಳೆ!

"ಏನು ಹೊಲಿಯೋಕೆ ಹೋಗಿದ್ದೆ?"

ರೀಲುವಿನ ಕಣ್ಣು ಮೇಜಿನ ಮೇಲೆಲ್ಲ ಓಡಾಡಿ ಖಾಲಿ ಡಬ್ಬದ ಮೇಲೆ ನಿಂತಿತು. "ಮರಿಗೆ ಚೀಲ. ಆ ಚೀಲ ಹೊಲಿದಿದ್ದು ನಾನೇ."

ಮಗಳ ಕೈ ಹಿಡಿದು ನೇರ ಆಸ್ಪತ್ರೆಗೆ ಓಡಬೇಕಿತ್ತು, ನಿಜ. ಆದರೆ ಭಯಕ್ಕೂ ಒಂದು ಆಸೆ ಇರುತ್ತದಲ್ಲ, ಎಲ್ಲಾದರೂ ಒಂದು ಗಳಿಗೆ ಕೂತುಕೊಳ್ಳುವ ಆಸೆ. ಟೈಲರಮ್ಮ ಡಬ್ಬಕ್ಕೆ ಕೈ ಹಾಕಿ ಚೀಲ ತೆಗೆದಳು. ಪರದೆಯ ಅಸ್ತರಿನ ತುಂಡಿನಿಂದ ಮಾಡಿದ್ದು, ಅಂಗೈಯಗಲ. ಮರಿ ಇದರೊಳಗೇ ಜೋತುಬಿದ್ದು ಮಲಗುತ್ತಿತ್ತು.

ಹದಿನೆಂಟು ವರ್ಷ ಹೊಲಿದ ಕೈ ಅವಳದು. ಹೊಲಿಗೆ ನೋಡಿದರೆ ಯಾರ ಕೈ ಎಂದು ಹೇಳಬಲ್ಲಳು, ಅಕ್ಷರ ನೋಡಿ ಮೇಷ್ಟ್ರು ಹೇಳಿದ ಹಾಗೆ. ಸೊಟ್ಟ ಹೊಲಿಗೆ ಕಂಡರೆ ಮೈಯೆಲ್ಲ ಉರಿದುಕೊಂಡು ಬಿಚ್ಚಿ ಬಿಸಾಡುವವಳು ಈಗ ಮನಸ್ಸಿನಲ್ಲೇ ಕೈಮುಗಿದಳು. ಸೊಟ್ಟಗಿರಲಿ ದೇವರೇ. ಒಂದು ಉದ್ದ ಒಂದು ಗಿಡ್ಡ ಇರಲಿ. ದಾರ ಗೋಜಲಾಗಿರಲಿ. ಹಾಳು ಹೊಲಿಗೆಯಾಗಿರಲಿ, ಮಗಳದೇ ಆಗಿರಲಿ.

ಚೀಲವನ್ನು ಒಳಮೈ ಹೊರಗೆ ಮಾಡಿ ಕಿಟಕಿಗೆ ಹಿಡಿದಳು.

ಇರುವೆ ಸಾಲಿನಂಥ ಹೊಲಿಗೆ. ಅರ್ಧ ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ, ಎಲ್ಲವೂ ಒಂದೇ ಅಳತೆ. ಕೊನೆಯಲ್ಲಿ ಎರಡು ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದದ್ದು ಕಾಣುತ್ತಿತ್ತು.

"ಅತ್ತೆ" ಎಂದಳು. "ಇದನ್ನ ಹೊಲಿದವರು ಯಾರು?"

"ನಾನೇ ಕಣೇ. ನಿನ್ನೆ ಬೆಳಿಗ್ಗೆ. ಪಾಪ, ನಡುಗ್ತಾ ಇತ್ತು. ಯಾಕೆ, ಚೆನ್ನಾಗಿಲ್ವಾ?"

ಅತ್ತೆ ಸೊಸೆಯ ಮುಖ ನೋಡಿದರು, ಮೊಮ್ಮಗಳ ಬೆರಳು ನೋಡಿದರು, ಹಾಗೇ ಗೋಡೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಳಿತರು.

ಟೈಲರಮ್ಮ ಮಗಳ ಮುಂದೆ ಮೊಣಕಾಲೂರಿದಳು. "ಬೈಯಲ್ಲ. ಹೊಡೆಯಲ್ಲ. ನಿಜ ಹೇಳು ಕಂದಾ."

"ಹೇಳಿದ್ರೆ ಅದರ ತಲೆ ಕತ್ತರಿಸ್ತಾರೆ." ರೀಲು ಬೆರಳನ್ನು ಮುಷ್ಟಿಯೊಳಗೆ ಅಡಗಿಸಿದಳು. "ನಿನ್ನೆ ಮಧ್ಯಾಹ್ನ. ಫಿಲ್ಲರ್ ಬಿಟ್ಟು ನನ್ನ ಬೆರಳು ಹಿಡ್ಕೊಂಡ್ತು. ನೋವೇ ಆಗ್ಲಿಲ್ಲಮ್ಮ. ಅದೂ ಹಾಲೇ ಅಂದ್ಕೊಂಡಿತ್ತು, ಅಷ್ಟೆ."

ಮುಂದಿನದೆಲ್ಲ ಟೈಲರಮ್ಮನಿಗೆ ತುಂಡುತುಂಡಾಗಿ ನೆನಪು. ನಲ್ಲಿಯ ಕೆಳಗೆ ಸಾಬೂನು ಹಚ್ಚಿ ಹಚ್ಚಿ ತೊಳೆದದ್ದು, "ಸಾಕಮ್ಮ, ಚರ್ಮ ಬರುತ್ತೆ" ಎಂದು ಮಗಳು ಅತ್ತದ್ದು, ಬಸ್ಸಿನಲ್ಲಿ ಅತ್ತೆ ಒಂದೇ ಸಮನೆ "ನಾನು ನಕ್ಕೆನಲ್ಲೇ, ಅವನು ಕೇಳಿದಾಗ ನಕ್ಕೆನಲ್ಲೇ" ಎಂದದ್ದು.

ಡಾಕ್ಟರು ಬೆರಳು ನೋಡಿದರು. ಅವರ ಮೈಮೇಲಿದ್ದದ್ದು ಟೈಲರಮ್ಮನೇ ಹೊಲಿದ ಕೋಟು. ಅವರ ಮುಖ ನೋಡಲು ಧೈರ್ಯ ಸಾಲದೆ ಅವಳು ಕಾಲರನ್ನೇ ನೋಡುತ್ತಾ ನಿಂತಳು.

"ಡಾಕ್ಟ್ರೇ, ನಂಗೆ ಅದರ ತಲೆ ಬೇಡ" ಎಂದಳು ರೀಲು.

"ನನಗೂ ಬೇಡಮ್ಮ. ನಾನು ಹೇಳಿದ ದಿನ ಎಲ್ಲ ನೀನು ಬಂದು ಇಂಜೆಕ್ಷನ್ ತಗೊಂಡ್ರೆ ಅದರ ತಲೆ ಅದರ ಹತ್ರನೇ ಇರಲಿ. ಇವತ್ತು ಬೆರಳಿಗೂ ಒಂದು. ನೋಯುತ್ತೆ."

ಹಗಲೆಲ್ಲ ಸೂಜಿ ಹಿಡಿಯುವ ಟೈಲರಮ್ಮ ಆ ಸೂಜಿಯನ್ನು ನೋಡಲಾರದೆ ಗೋಡೆಗೆ ಮುಖ ತಿರುಗಿಸಿದಳು. ರೀಲು ಕಿರುಚಿದಳು, ಆದರೆ ಕೈ ಎಳೆದುಕೊಳ್ಳಲಿಲ್ಲ. ಮರಿ ಮುಟ್ಟಿದ್ದೇನೆ ಎಂದು ಅತ್ತೆಯೂ ತೋಳು ಚಾಚಿದರು. ಡ್ಯೂಟಿ ಬಟ್ಟೆಯಲ್ಲೇ ಓಡಿಬಂದ ಗಂಡ ಬಾಗಿಲಲ್ಲೇ ನಿಂತ. "ಮುಟ್ಟಬೇಡಿ ಅಂದಿದ್ರು ಕಣೇ. ನಾನು ಹೇಳೋದೇ ಮರೆತೆ" ಎಂದ.

ಮರುದಿನದಿಂದ ಬೆಳಿಗ್ಗೆ ಎದ್ದ ಕೂಡಲೇ ಟೈಲರಮ್ಮ ಮಗಳ ಮುಂದೆ ಒಂದು ಲೋಟ ನೀರು ಇಡತೊಡಗಿದಳು. ಗಂಟಲು ಒಮ್ಮೆ ಆಡಿತು, ಇನ್ನೊಮ್ಮೆ ಆಡಿತು, ನೀರು ಇಳಿಯಿತು. ಹುಡುಗಿ ಎಲ್ಲಾದರೂ ನಡುವೆ ಕೆಮ್ಮಿದರೆ ತಾಯಿಯ ಜೀವ ಬಾಯಿಗೆ ಬರುತ್ತಿತ್ತು.

ಕೊನೆಯ ಇಂಜೆಕ್ಷನ್ನೂ ಮುಗಿಯಿತು. ಇನ್ನು ಹೆದರಬೇಡಿ ಎಂದು ಡಾಕ್ಟರೇ ಹೇಳಿದರು. ಆದರೂ ಮರುದಿನ ಬೆಳಿಗ್ಗೆ ಲೋಟ ಬಂತು.

"ಇನ್ನೂ ಎಷ್ಟು ದಿನಾಮ್ಮ?"

"ಕುಡಿಯೇ."

ರೀಲು ಗಟಗಟ ಕುಡಿದು ಲೋಟವನ್ನು ತಲೆಯ ಮೇಲೆ ಬೋರಲು ಹಾಕಿಕೊಂಡಳು. ಒಂದು ಹನಿಯೂ ಬೀಳಲಿಲ್ಲ. ಮೂಲೆಯಿಂದ ಅತ್ತೆ, "ನಂದೂ ನೋಡ್ಕೊಂಡು ಹೋಗೇ" ಎಂದು ತಮ್ಮ ಲೋಟ ಎತ್ತಿದರು.

ಟೈಲರಮ್ಮ ನಿಂತು ಅದನ್ನೂ ನೋಡಿದಳು, ಕೊನೆಯ ಗುಟುಕಿನವರೆಗೂ. ಆಮೇಲೆ ಹೋಗಿ ಮಷಿನ್ನಿನ ಪೆಡಲಿನ ಮೇಲೆ ಕಾಲಿಟ್ಟಳು.