ಬೇಲಿಯಾಚೆಯ ತಮ್ಮ

ಡೋತ್ಸೆ ತೀರಿಕೊಂಡದ್ದು ಅಫ್ಲಾವೊದಲ್ಲಿ, ಎರಡು ದೇಶಗಳ ನಡುವಿನ ಗಡಿಬೇಲಿಯಿಂದ ಒಂದು ಕೂಗಿನಷ್ಟು ದೂರದ ತನ್ನ ಹೊಲಿಗೆ ಅಂಗಡಿಯಲ್ಲಿ. ಅವನ ಅಣ್ಣ ಅಗ್ಬೆಕೊ ಬೇಲಿಯ ಈಚೆ, ಲೋಮೆ ಪಟ್ಟಣದ ಅಂಚಿನಲ್ಲಿದ್ದ ತಂದೆಯ ಮನೆಯಲ್ಲಿದ್ದ. ಸುದ್ದಿ ತಿಳಿಯಲು ಫೋನು ಬೇಕಾಗಲಿಲ್ಲ. ತಮ್ಮನ ಹೆಂಡತಿ ಎನ್ಯೊನಾಮಳ ಅಳು ಬೇಲಿ ದಾಟಿ ಬಂತು. ಅಳುವನ್ನು ಯಾರೂ ತಡೆಯಲಿಲ್ಲ. ಎದ್ದು ಓಡಿದ ಅಗ್ಬೆಕೊನನ್ನು ಗೇಟಿನಲ್ಲಿ ತಡೆದರು.

ರೋಗದ ಭಯದಿಂದ ಗಡಿ ಮುಚ್ಚಿ ಆಗ ಎರಡನೆಯ ವರ್ಷ ನಡೆಯುತ್ತಿತ್ತು. ಅದಕ್ಕೆ ಮೊದಲು ಡೋತ್ಸೆ ಪ್ರತಿ ಮಧ್ಯಾಹ್ನ ಊಟಕ್ಕೆ ಅಣ್ಣನ ಮನೆಗೆ ನಡೆದು ಬರುತ್ತಿದ್ದ. ಅಕುಮೆ ಮುದ್ದೆಯನ್ನು ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗಿ, "ಒಂದು ದೇಶದಲ್ಲಿ ಉಂಡು ಇನ್ನೊಂದು ದೇಶದಲ್ಲಿ ತೇಗೋನು ನಾನು" ಎಂದು ನಗುತ್ತಿದ್ದ. ನೆರೆಯ ಹದಿನೈದು ದೇಶಗಳೂ ಕೂಡಿ ಒಂದೇ ಅಂಗಳವಾಗುತ್ತವೆ ಎಂಬ ಮಾತನ್ನು ಅವನಷ್ಟು ನಂಬಿದವರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಆ ದೇಶಗಳ ಮುಖಂಡರು ಒಮ್ಮೆ ಸಭೆ ಸೇರಿದಾಗ ಬಾವುಟಗಳನ್ನು ಹೊಲಿದುಕೊಟ್ಟವನೇ ಅವನು. ಅವನಿಗಿದ್ದ ಬಯಕೆ ಒಂದೇ: ತಾಯಿಯ ಮಗ್ಗುಲಲ್ಲಿ ಮಣ್ಣಾಗುವುದು. ತಾಯಿಯ ಸಮಾಧಿ ಲೋಮೆಯ ಕಡೆ, ಚರ್ಚಿನ ಹಿಂದೆ ಇತ್ತು.

ಅಗ್ಬೆಕೊ ಕಚೇರಿಯಿಂದ ಕಚೇರಿಗೆ ಅಲೆದ. ಯಾರೂ ಗದರಲಿಲ್ಲ. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಗಡಿ ತೆರೆಯಲಿ ಎಂದರು. ಹದಿನೈದು ದೇಶಗಳ ಮುದ್ರೆಯಿದ್ದ ತನ್ನ ಗುರುತಿನ ಚೀಟಿಯನ್ನು ತೋರಿಸಿದ. ಅದನ್ನು ಗೌರವದಿಂದ ನೋಡಿ ಹಿಂದಿರುಗಿಸಿದರು. ವಾರಗಳು ಕಳೆದವು. ಡೋತ್ಸೆ ಬೇಲಿಯಾಚೆ ಶವಾಗಾರದ ತಣ್ಣನೆಯ ಕೋಣೆಯಲ್ಲಿ ಮಲಗಿದ್ದ.

ಒಂದು ಬೆಳಗ್ಗೆ ಎನ್ಯೊನಾಮ್ ಬೇಲಿಯ ಬಳಿಗೆ ಬಂದಳು.

"ಭಾವಾ, ಶನಿವಾರ ಕೊನೆ ಅಂತೆ. ಆಮೇಲೆ ಜಾಗ ಇಲ್ಲವಂತೆ. ನಾವು ತಗೊಂಡು ಹೋಗದಿದ್ರೆ ಅವರೇ ಎಲ್ಲಾದ್ರೂ ಹೂಳ್ತಾರಂತೆ."

ಅವಳ ಹಿಂದೆ ಈರುಳ್ಳಿ ಲಾರಿಗಳ ಸಾಲು ಗೇಟಿನತ್ತ ಸರಿಯುತ್ತಿತ್ತು. ಸರಕಿಗೆ ಗಡಿ ಮುಚ್ಚಿರಲಿಲ್ಲ.

"ನೋಡಿ ಅವನ್ನ," ಎಂದಳು. "ಈರುಳ್ಳಿಗೆ ನೆಂಟರಿದ್ದಾರೆ ಬೇಲಿ ಆಚೆ. ನಿಮ್ಮ ತಮ್ಮಂಗಿಲ್ಲ."

ಅಗ್ಬೆಕೊ ಮನೆಗೆ ಬಂದು ಸೋದರತ್ತೆ ಅಬ್ಲಾವಿಯ ಮುಂದೆ ಕುಳಿತ. ಸಾವು ಮದುವೆಗಳಲ್ಲಿ ಆ ಮನೆಯಲ್ಲಿ ಅವಳದೇ ಕೊನೆಯ ಮಾತು. ಕಣ್ಣು ಮಂಜಾಗಿದ್ದರೂ ನಾಲಗೆ ಮಂಜಾಗಿರಲಿಲ್ಲ.

"ದೂರದ ಅಬಿಜಾನಿನಲ್ಲಿ ಸತ್ತ ನಿಮ್ಮ ತಾತನ್ನ ಹೆಂಗೆ ತಂದ್ವಿ?" ಎಂದಳು. "ಒಂದು ಹಿಡಿ ಕೂದಲು, ಹತ್ತು ಉಗುರು. ಬಿಳೀ ಬಟ್ಟೇಲಿ ಕಟ್ಟಿ ತಂದು ಹೂತ್ವಿ. ಮನೇಗೆ ಬಂದ, ಮಲಗಿದ. ಮುಗೀತು."

"ಅತ್ತೆ, ಅದು ಬೇಡ, ಕರ್ತನ ಮಕ್ಕಳಿಗೆ ಅದು ಸಲ್ಲದು ಅಂತ ಚರ್ಚಿನಲ್ಲಿ ಹೇಳ್ಕೊಂಡು ಬಂದೋನು ನಾನೇ."

"ಹೇಳಪ್ಪಾ, ಇನ್ನೂ ಹೇಳು. ನಿಂಗೆ ಬಾಯಿದೆ. ಅವನಿಗಿಲ್ಲವಲ್ಲ ಈಗ."

ಅಗ್ಬೆಕೊ ಮೂವತ್ತು ವರ್ಷಗಳಿಂದ ಚರ್ಚಿನ ಸಭಾಹಿರಿಯ. ಆತ್ಮವು ಕೂದಲಲ್ಲಿ ಕೂತು ಊರಿಗೆ ಬರುತ್ತದೆಂಬುದನ್ನು ಅವನು ಒಪ್ಪುವವನಲ್ಲ. ಆ ದಿನ ಮೊಣಕಾಲೂರಿ ಪ್ರಾರ್ಥಿಸಿದ. ಮಾತುಗಳು ಮುಗಿದರೂ ಹಾಗೆಯೇ ಇದ್ದ.

ಮಾರನೆಯ ದಿನ ಲಾರಿ ಚಾಲಕ ಫೋಲಿ ಬಂದ. ಸರಕಿನ ಚೀಟಿ ಇದ್ದುದರಿಂದ ಎರಡೂ ಕಡೆ ಓಡಾಡುತ್ತಿದ್ದವನು ಅವನು. ಡೋತ್ಸೆಯ ಗೆಳೆಯ.

"ತಾತಾ, ನನ್ನ ಮಗಳ ಮದುವೆ ಬಟ್ಟೆ ಹೊಲಿದೋನು ಡೋತ್ಸೆ. ಅವನ್ನ ನಾನು ತರ್ತೀನಿ. ಮೇಜು, ಕುರ್ಚಿ, ಮಂಚ, ಮರದ ಸಾಮಾನು ಏನು ಬೇಕಾದ್ರೂ ದಾಟ್ತದೆ. ಶವಪೆಟ್ಟಿಗೆನೂ ಮರದ ಸಾಮಾನೇ ತಾನೆ? ಖಾಲಿ ಪೆಟ್ಟಿಗೆ, ಮಾರೋಕೆ ತಂದಿದ್ದು ಅನ್ನೋದು."

"ತೆಗೆದು ನೋಡಿದ್ರೆ?"

"ಶವಪೆಟ್ಟಿಗೆ ಮುಚ್ಚಳ ಎತ್ತೋ ಗುಂಡಿಗೆ ಯಾರಿಗಿದೆ? ಆದ್ರೆ ಒಂದು ಕೆಲಸ. ನೀವು ಈ ಕಡೆ ಗೇಟಿನ ಹತ್ರ ನಿಂತು, ಪೆಟ್ಟಿಗೆ ನನ್ನದು, ಖಾಲಿ, ಅನ್ಬೇಕು. ನಿಮ್ಮ ಮಾತಿನ ಮೇಲೆ ಯಾರೂ ಮಾತಾಡಲ್ಲ. ನನ್ನ ಮಾತನ್ನ ನನ್ನ ಹೆಂಡ್ತೀನೇ ನಂಬಲ್ಲ."

ಅಗ್ಬೆಕೊ ಒಪ್ಪಿ ತಲೆಯಾಡಿಸಿದ. ಡೋತ್ಸೆ ತಾಯಿಯ ಬಳಿ ಮಲಗಲಿ, ಸುಳ್ಳಿನ ಲೆಕ್ಕವನ್ನು ಕರ್ತನಿಗೆ ನಾನು ಒಪ್ಪಿಸುತ್ತೇನೆ ಎಂದುಕೊಂಡ.

ಫೋಲಿಗೆ ಉತ್ಸಾಹ ಬಂತು. "ಒಂದ್ಸಲ ಹೇಳಿ ನೋಡಿ. ನಾನೇ ಕಾವಲಿನವನು ಅಂದ್ಕೊಳ್ಳಿ." ಎದೆ ಸೆಟೆಸಿ ನಿಂತ. "ಏನ್ ತಾತಾ, ಪೆಟ್ಟಿಗೇಲಿ ಏನಿದೆ?"

ಅಗ್ಬೆಕೊ ಬಾಯಿ ತೆರೆದ. "ನನ್ನ ತಮ್ಮ" ಎಂದ.

"ಅಯ್ಯೋ, ಖಾಲಿ ಅನ್ನಿ ತಾತಾ. ಒಂದೇ ಮಾತು. ಇನ್ನೊಂದ್ಸಲ. ಏನಿದೆ ಒಳಗೆ?"

ಮುದುಕನ ತುಟಿ ಅಲುಗಿತು. ಅಫ್ಲಾವೊದ ಬೀದಿಯಲ್ಲಿ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ಬರುತ್ತಿದ್ದ ಉದ್ದನೆಯ ಆಳು ಕಣ್ಣಿಗೆ ಕಟ್ಟಿದ.

"ನನ್ನ ತಮ್ಮ ಇದ್ದಾನೆ ಫೋಲಿ. ಅವನ ಪಕ್ಕದಲ್ಲೇ ನಿಂತ್ಕೊಂಡು, ಇಲ್ಲಿ ಯಾರೂ ಇಲ್ಲ ಅಂತ ಹೆಂಗಪ್ಪಾ ಅನ್ನಲಿ? ಬೇರೆ ಯಾವ ಸುಳ್ಳಾದ್ರೂ ಹೇಳ್ತಿದ್ನೇನೋ."

ಫೋಲಿ ಸೆಟೆದ ಎದೆಯನ್ನು ಇಳಿಸಿ ಕುಳಿತುಬಿಟ್ಟ.

ಸಂಜೆ ಅಗ್ಬೆಕೊ ಬೇಲಿಗೆ ಹೋಗಿ ಎನ್ಯೊನಾಮಳನ್ನು ಕೂಗಿದ.

"ತಂಗೀ, ಅವನ್ನ ಅಲ್ಲೇ ನಿಮ್ಮ ಚರ್ಚಿನ ನೆಲದಲ್ಲಿ ಇಡು. ಇಡೋಕೆ ಮುಂಚೆ ಕತ್ತರಿ ತಗೊಂಡು ಹೋಗು."

ಅವಳಿಗೆ ಅರ್ಥವಾಯಿತು.

"ಅವರ ಕತ್ತರೀನೇ ಒಯ್ಯಲಾ ಭಾವಾ? ಅಂಗಡೀದು?"

"ಅದನ್ನೇ ಒಯ್ಯಿ."

ಶನಿವಾರ ಬೆಳಗ್ಗೆ ಅವಳು ತಂತಿಗಳ ನಡುವೆ ಬಿಳಿ ಬಟ್ಟೆಯ ಗಂಟನ್ನು ಚಾಚಿದಳು. ಕಾವಲಿನ ಯುವಕ ಹತ್ತಿರ ಬಂದು ಏನದು ಎಂದ.

"ನನ್ನ ತಮ್ಮ" ಎಂದ ಅಗ್ಬೆಕೊ.

ಯುವಕ ಗಂಟನ್ನೂ ಮುದುಕನನ್ನೂ ನೋಡಿದ. "ಬೇಗ ತಗೊಳ್ಳಿ ತಾತಾ" ಎಂದು ಹೇಳಿ ಸಮುದ್ರದ ಕಡೆಗೆ ಮುಖ ತಿರುಗಿಸಿದ.

"ಭಾವಾ," ಎಂದಳು ಎನ್ಯೊನಾಮ್, ಬೆರಳುಗಳನ್ನು ತಂತಿಯಿಂದ ಬಿಡಿಸಿಕೊಳ್ಳದೆ, "ನಾನು ಯಾವ ಕಡೆ ತಿರುಗಿ ಅಳಲಿ?"

ಅವನಿಗೆ ತಿಳಿಯಲಿಲ್ಲ. ತಿಳಿಯದೆಂದೇ ಹೇಳಿದ.

ಚರ್ಚಿನ ಹಿಂದೆ ತಾಯಿಯ ಮಗ್ಗುಲಲ್ಲಿ ಗುಂಡಿ ತೋಡುತ್ತಿದ್ದವರಿಗೆ ಅವನು ಆಳುದ್ದ ತೋಡಲು ಹೇಳಿದ್ದ.

"ಇಷ್ಟೇ ಇಷ್ಟು ಗಂಟಿಗೆ ಇಷ್ಟುದ್ದ ಗುಂಡಿನಾ ತಾತಾ?" ಎಂದ ಒಬ್ಬ, ಸೊಂಟ ಹಿಡಿದುಕೊಂಡು. "ನಮ್ಮ ಬೆನ್ನು ಮುರಿಯೋಕೆ ಅಂತಲೇ ಹೇಳಿದ್ರಾ?"

"ಅವನು ಉದ್ದ ಇದ್ದ ಕಣಪ್ಪಾ. ತೋಡು."

ಪಾದ್ರಿಗಳು ಬರಲಿಲ್ಲ, ಬೇಡವೆಂದೂ ಹೇಳಿ ಕಳುಹಿಸಲಿಲ್ಲ. ಅಗ್ಬೆಕೊ ತಾನೇ ಗುಂಡಿಗಿಳಿದು ಗಂಟನ್ನು ತಲೆ ಬರುವ ಕಡೆ ಇಟ್ಟ. ಇಬ್ಬರು ಕೈಹಿಡಿದು ಮೇಲೆತ್ತಿದರು. ಅತ್ತೆ ಒಂದು ಹಿಡಿ ಮಣ್ಣು ಹಾಕಿದಳು. ಅವನು ಪ್ರಾರ್ಥನೆಯ ಪುಸ್ತಕ ತೆರೆದು ಓದತೊಡಗಿದ. ನೂರಾರು ಸಲ ಓದಿದ ಸಾಲು ಬಂದಾಗ ಧ್ವನಿ ನಿಂತಿತು. ಈ ದೇಹವನ್ನು ಮಣ್ಣಿಗೆ ಒಪ್ಪಿಸುತ್ತೇವೆ ಎಂದು ಅಲ್ಲಿ ಬರೆದಿತ್ತು. ದೇಹ ಅಲ್ಲಿರಲಿಲ್ಲ.

ಜನ ಕಾದರು. ಅವನು ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡ.

"ಕರ್ತನೇ, ಇವನಲ್ಲಿ ನಮಗೆ ಸಿಕ್ಕಿದಷ್ಟನ್ನು ಇಲ್ಲಿ ಒಪ್ಪಿಸಿದ್ದೇವೆ," ಎಂದ. "ಉಳಿದದ್ದು ಎಲ್ಲಿದೆ ಎಂದು ನೀನು ಬಲ್ಲೆ."

ಆಮೆನ್ ಎಂದರು. ಗುಂಡಿ ದೊಡ್ಡದಿದ್ದುದರಿಂದ ಮುಚ್ಚಲು ಬಹಳ ಹೊತ್ತು ಹಿಡಿಯಿತು.